ಅಣ್ಣನ ಎಡಗೈ, ನನ್ನ ಬಲಗೈ

ಕಳೆದ ತಿಂಗಳು ಗುಬ್ಬಿಯಲ್ಲಿ ನನ್ನ ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವ ನಡೆಯಿತು. ಚಿನ್ನು ಈಗ ಒಂದನೇ ಕ್ಲಾಸು. ಮುಂದಿನ ಹಲ್ಲು ಎರಡೂ ಬಿದ್ದಿವೆ. ತನ್ನ ಎದೆಗಿಂತ ಅಗಲವಾದ ತಮಟೆಯನ್ನು ಹೆಗಲಿಗೆ ಇಳಿಬಿಟ್ಟುಕೊಂಡು ಒಂದು ಹಿಂಡು ಮಕ್ಕಳ ಜೊತೆ ಅವಳು ಸ್ಟೇಜಿಗೆ ಬರುವವಳಿದ್ದಳು. ನಾನು ಓದಿದ್ದು ನಾಲ್ಕನೇ ಕ್ಲಾಸು; ಸಭೆ ಸಮಾರಂಭಗಳಲ್ಲಿ ಮುಂದಿನ ಸಾಲಿಗೆ ಹೋಗಿ ಕೂತವಳಲ್ಲ. ಅವತ್ತು ಮಾತ್ರ ಬಿಸಿಲು ಇಳಿಯುವ ಮುಂಚೆಯೇ ಹೋಗಿ ಮುಂದಿನ ಕುರ್ಚಿ ಹಿಡಿದೆ. ಆ ಕಡೆ ಈ ಕಡೆ ಕೂತವರಿಗೆಲ್ಲ ನನ್ನ ಮೊಮ್ಮಗಳು ತಮಟೆ ಬಾರಿಸುತ್ತಾಳೆ ಎಂದು ಹೇಳಿದೆ. ಒಬ್ಬಾಕೆಗೆ ಎರಡು ಸಲ ಹೇಳಿದೆನಂತೆ. ‘ಗೊತ್ತಾಯ್ತು ಬುಡಜ್ಜಿ’ ಎಂದು ಆಕೆ ನಕ್ಕಳು. ನನಗೇನೂ ಬೇಜಾರಾಗಲಿಲ್ಲ. ಮೂರನೇ ಸಲ ಹೇಳಲು ಬೇರೆಯವರು ಸಿಕ್ಕರು.

ಅಷ್ಟರಲ್ಲಿ ಸ್ಟೇಜಿನ ಹಿಂದಿನಿಂದ ಒಂದು ವಾಸನೆ ಬಂತು. ಒಣಗಿದ ತೆಂಗಿನ ಸೋಗೆಗೆ ಬೆಂಕಿ ಕೊಟ್ಟು, ಅದರ ಕಾವಿಗೆ ತಮಟೆಯ ಚರ್ಮ ಹಿಡಿದಾಗ ಬರುವ ವಾಸನೆ. ತಂಪು ಹೊತ್ತಿನಲ್ಲಿ ಚರ್ಮ ಸಡಿಲವಾಗಿ ದನಿ ಸತ್ತುಹೋಗುತ್ತದೆ. ಕಾಯಿಸಿದರೇ ಅದು ಮಾತಾಡುವುದು. ಅಷ್ಟು ಹೊತ್ತು ಸಂತೋಷದಿಂದ ಉಬ್ಬಿಹೋಗಿದ್ದ ನನಗೆ ಆ ಹೊಗೆ ಮೂಗಿಗೆ ಬಿದ್ದದ್ದೇ ತಡ, ಬಾಯೆಲ್ಲ ಕಹಿಯಾಯಿತು. ಚಿನ್ನು ಹುಟ್ಟುವ ಮುಂಚಿನ ಆ ಮಳೆಗಾಲ ಬಂದು ಪಕ್ಕದ ಕುರ್ಚಿಯಲ್ಲಿ ಕೂತ ಹಾಗಾಯಿತು.

ಆಗ ನನ್ನ ಮಗಳು ಮಂಜುಳಾ ಗಂಡನ ಜೊತೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದಳು. ಮೊದಲ ಬಸುರಿ. ಮಂಚ ಬಿಟ್ಟು ಇಳಿಯಲೇಬಾರದು ಎಂದು ಡಾಕ್ಟರು ಹೇಳಿದ್ದರಿಂದ ನಾನು ಊರು ಬಿಟ್ಟು ಅವಳ ಮನೆಗೆ ಬಂದೆ. ನಮ್ಮ ಊರು ಕುಣಿಗಲ್ ತಾಲ್ಲೂಕು, ಮಾರ್ಕೋನಹಳ್ಳಿ ಕಾಲುವೆಯ ಕೊನೆಯ ಕಡೆ. ಯಜಮಾನರು ಎಮ್ಮೆ, ತೋಟ ನೋಡಿಕೊಂಡು ಅಲ್ಲೇ ಉಳಿದರು. ಆಷಾಢದ ಗಾಳಿ ಆಗಲೇ ಶುರುವಾಗಿತ್ತು. ಹಗಲೆಲ್ಲ ಸಣ್ಣಗೆ ಸೋನೆ. ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ನನಗೆ ನಿದ್ದೆ ಬರುತ್ತಿರಲಿಲ್ಲ. ಮಗಳ ಹೊಟ್ಟೆಯ ಚಿಂತೆ ಒಂದು ಕಡೆ. ಇನ್ನೊಂದು ಚಿಂತೆ ಹಳೆಯದು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಅದು ನನ್ನ ಅಣ್ಣ ಮಲ್ಲಣ್ಣನದು. ನನ್ನ ತವರು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹತ್ತಿರ. ಅಪ್ಪ ಅವ್ವ ಹೋದ ಮೇಲೆ ನನಗೆ ತವರು ಎಂದರೆ ಅಣ್ಣಯ್ಯ ಒಬ್ಬನೇ. ನಮ್ಮ ಕಡೆ ಅಣ್ಣನ ಮಗನಿಗೆ ತಂಗಿಯ ಮಗಳು ಎಂದರೆ ತೊಟ್ಟಿಲಲ್ಲಿದ್ದಾಗಲೇ ಆದ ಮಾತು. ಅವನ ಮಗ ಪ್ರಕಾಶನಿಗೆ ನಮ್ಮ ಮಂಜುಳಾ ಎಂದು ಊರಿಗೆಲ್ಲ ಗೊತ್ತಿತ್ತು. ಹುಡುಗಿ ಬಿ.ಇಡಿ. ಓದಿ ಬಂದವಳು, ಅವನ ಜೊತೆ ಚಿನ್ನಿದಾಂಡು ಆಡಿದೀನಿ, ಅವನ ಮೂಗು ಒರೆಸಿದೀನಿ, ಮದುವೆ ಹೆಂಗವ್ವ ಆಗ್ಲಿ ಎಂದಳು. ನಾನೂ ಯೋಚನೆ ಮಾಡಿ ಅವಳ ಕಡೆಗೇ ನಿಂತೆ. ಅಣ್ಣಯ್ಯ ನಮ್ಮ ಹಟ್ಟಿ ಬಾಗಿಲಿಗೆ ಬಂದು, ಒಳಗೆ ಕೂಡ ಬರದೆ, ನಿಂತ ಕಾಲಲ್ಲೇ ಹೇಳಿ ಹೋದ.

‘ನೀನು ಹೆಣ್ಣು ಕೊಡ್ಲಿಲ್ಲ. ನಾನಿನ್ನು ಬಾಗಿನ ಕೊಡಕಿಲ್ಲ. ತವರು ಸತ್ತೋಯ್ತು ಅಂದ್ಕೊ.’

ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವುದೆಂದರೆ ಏನು ಎಂದು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮೊರ, ಅದರಲ್ಲಿ ಬಳೆ, ಬೇಳೆ, ಬೆಲ್ಲ, ತೆಂಗಿನಕಾಯಿ, ಒಂದು ಸೀರೆ. ವಸ್ತು ದೊಡ್ಡದಲ್ಲ. ಅಣ್ಣನೋ ತಮ್ಮನೋ ಅದನ್ನು ಹೊತ್ತುಕೊಂಡು ಹೊಸಿಲು ದಾಟಿ ಬರುತ್ತಾನಲ್ಲ, ಅದು ದೊಡ್ಡದು. ಅಣ್ಣಯ್ಯ ಆಡಿದ ಮಾತು ತಪ್ಪಲಿಲ್ಲ. ಆಮೇಲಿನ ವರ್ಷಗಳಲ್ಲಿ ಹಬ್ಬದ ದಿನ ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ‘ತವರಿಂದ ಬಂತಾ ಗೌರಮ್ಮ?’ ಎಂದು ಕೇಳುವರು. ನಾನು ಕುಣಿಗಲ್ಲಿನ ಅಂಗಡಿಯಲ್ಲಿ ನಾನೇ ಆರಿಸಿದ ಸೀರೆಯನ್ನು ಉಟ್ಟುಕೊಂಡು, ಬಂತಲ್ಲ, ಇದೇ ನೋಡು ಎಂದು ಸೆರಗು ತೋರಿಸುವೆ. ಕೇಳುವವರಿಗೂ ಗೊತ್ತಿತ್ತು. ಗೊತ್ತಿದ್ದೇ ಕೇಳುತ್ತಿದ್ದರು.

ಉಪ್ಪಾರಹಳ್ಳಿಯ ಆ ಮನೆಯ ಪಕ್ಕದಲ್ಲಿ ಒಬ್ಬರು ರಿಟೈರಾದ ನರ್ಸಮ್ಮ ಇದ್ದರು. ನನ್ನ ತೋಳಿಗೆ ಬಿಪಿ ಮಿಷನ್ನು ಕಟ್ಟಿ ನೋಡಿ ಹುಬ್ಬು ಏರಿಸಿದರು. ಮಾತ್ರೆ ನುಂಗುವುದು ಸರಿ, ಒಬ್ಬರೇ ಕೂತು ಕೊರಗುವುದು ಬಿಟ್ಟು ನಾಲ್ಕು ಜನರ ಜೊತೆ ಕೈ ಆಡಿಸಿ, ನಾಳೆಯಿಂದ ಪಾರ್ಕಿಗೆ ಬನ್ನಿ ಎಂದರು. ಪಾರ್ಕಿನ ತಗಡಿನ ಶೆಡ್ಡಿನಲ್ಲಿ ದಿನಾ ಸಂಜೆ ವಯಸ್ಸಾದವರು, ಕಾಯಿಲೆಯವರು ದುಂಡಗೆ ಕೂತು ತಮಟೆ ಬಾರಿಸುತ್ತಾರಂತೆ. ನನಗೆ ನಗು ಬಂತು. ತಮಟೆಯೇ ಔಷಧಿಯಾದರೆ ನಮ್ಮೂರಲ್ಲಿ ಯಾರೂ ಸಾಯುತ್ತಲೇ ಇರಲಿಲ್ಲವಲ್ಲ ಎಂದುಕೊಂಡೆ. ಆದರೂ ಮಂಜುಳಾ ತಳ್ಳಿ ಕಳಿಸಿದಳು.

ಶೆಡ್ಡಿನೊಳಗೆ ಕಾಲಿಟ್ಟರೆ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಣ್ಣಯ್ಯ ಕೂತಿದ್ದ.

ಬಾಯಿ ಒಂದು ಕಡೆಗೆ ಜಗ್ಗಿತ್ತು. ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಮರೆತು ಹೋದ ಹಾಗೆ ಬಿದ್ದಿತ್ತು. ಪಕ್ಕದಲ್ಲಿ ಅವನ ಸೊಸೆ ಸುಧಾ, ಪ್ರಕಾಶನ ಹೆಂಡತಿ. ನನ್ನನ್ನು ನೋಡಿ ಅವಳು ಎದ್ದು ಓಡಿ ಬಂದಳು. ಅಣ್ಣಯ್ಯನಿಗೆ ಲಕ್ವ ಹೊಡೆದು ಎರಡು ತಿಂಗಳ ಮೇಲಾಗಿತ್ತು. ಬಲಗಡೆ ಹೋಗಿತ್ತು, ಮಾತೂ ಹೋಗಿತ್ತು. ಆಸ್ಪತ್ರೆಗೆ ಹತ್ತಿರ ಎಂದು ಊರಿನಿಂದ ಮಗನ ಮನೆಗೆ ಕರೆತಂದಿದ್ದರು. ಮಂಜುಳಾಳ ಮನೆಗೂ ಅವರ ಮನೆಗೂ ನಡುವೆ ಒಂದು ಹಾಲಿನ ಬೂತು, ಒಂದು ತಿರುವು. ನನಗೆ ಒಬ್ಬರೂ ಹೇಳಿರಲಿಲ್ಲ.

‘ಕೋಪ ಬಂದ್ರೆ ಬಿಪಿ ಏರ್ತದೆ ಅಂತ ಡಾಕ್ಟ್ರು ಹೇಳವ್ರೆ ಅತ್ತೆ’ ಎಂದಳು ಸುಧಾ, ಸೆರಗು ತಿರುಚುತ್ತ. ‘ನಿಮ್ಮ ಹೆಸರು ತೆಗೆಯಾಕೇ ಹೆದ್ರಿಕೆ.’

ಕೇಳಿ ನನ್ನ ಬಿಪಿ ಎಷ್ಟಾಯಿತೋ ನರ್ಸಮ್ಮ ನೋಡಲಿಲ್ಲ. ಅಣ್ಣಯ್ಯ ಮುಖವನ್ನು ತಗಡಿನ ಕಡೆಗೆ ತಿರುಗಿಸಿಕೊಂಡ.

ಕಲಿಸುವವನು ಸಿದ್ದರಾಜು. ಅವನೂ ಮಾರ್ಕೋನಹಳ್ಳಿ ಕಡೆಯವನು, ನಮ್ಮ ಪಕ್ಕದ ಊರು. ತಮಟೆ ಅವರ ಮನೆತನದ ಕಸುಬು. ಅವರಪ್ಪ ನಮ್ಮೂರ ಹಬ್ಬಕ್ಕೆ ಬಾರಿಸಲು ಬಂದರೆ ಬೇವಿನ ಮರದ ಆಚೆಗೇ ನಿಲ್ಲುತ್ತಿದ್ದ. ಇಲ್ಲಿ ಮಗ ದುಂಡು ಸಾಲಿನ ನಡುವೆ ನಿಂತಿದ್ದ. ಎಲ್ಲರ ಕೈಗೂ ಒಂದೊಂದು ತಮಟೆ ಕೊಟ್ಟುಕೊಂಡು ಬಂದವನು ಅಣ್ಣಯ್ಯನ ತೊಡೆಯ ಮೇಲೂ ಇಡಲು ಹೋದ. ಅಣ್ಣಯ್ಯ ಎಡಗೈಯಿಂದ ಅದನ್ನು ತಳ್ಳಿದ. ಚರ್ಮ ಮುಟ್ಟಿದ ಬೆರಳನ್ನು ಪಂಚೆಗೆ ಒರೆಸಿಕೊಂಡ. ಬಾಯಿ ಹೋದರೂ ಇದೊಂದು ಹೋಗಿರಲಿಲ್ಲ. ಸುಧಾ ತಲೆ ತಗ್ಗಿಸಿದಳು.

ಸಿದ್ದರಾಜು ಸಿಟ್ಟಾಗಲಿಲ್ಲ. ‘ಯಜಮಾನ್ರೇ, ನಿಮ್ಮೂರ ಹಬ್ಬದಲ್ಲಿ ನಮ್ಮೋರು ಇದನ್ನ ಬಡಿದಾಗ ನೀವು ಕುಣ್ದಿಲ್ವಾ? ಕಾಲಿಗೆ ಆಗ್ದೇ ಇರೋ ಮೈಲಿಗೆ ಕೈಗೆ ಆಯ್ತದಾ?’ ಎಂದ. ಎದುರಿಗೆ ಕೂತಿದ್ದ ನಂಜಪ್ಪ, ಅವರು ಕುಣಿಗಲ್ ತುಮಕೂರು ರೂಟಿನಲ್ಲಿ ಬಸ್ಸು ಓಡಿಸಿ ರಿಟೈರಾದವರು, ಕೈ ನಡುಗುವ ಕಾಯಿಲೆ, ಗಟ್ಟಿಯಾಗಿ ನಕ್ಕರು. ಅಣ್ಣಯ್ಯ ನಗಲಿಲ್ಲ. ಅವತ್ತು ಮುಟ್ಟಲೂ ಇಲ್ಲ.

ಒಂದು ವಾರ ಹಾಗೇ ಕೂತ. ಆದರೆ ಸುತ್ತ ಎಲ್ಲರ ಕೈಯೂ ಒಂದೇ ಸಮ ಆಡುತ್ತಿರುವಾಗ ಒಬ್ಬನ ಕೈ ಎಷ್ಟು ದಿನ ಸುಮ್ಮನಿದ್ದೀತು? ಮೊದಲು ಪಾದ ಅಲುಗಿತು. ಆಮೇಲೆ ಎಡಗೈ ಬೆರಳು ಕುರ್ಚಿಯ ಹಿಡಿಯನ್ನು ತಟ್ಟಿತು. ಸಿದ್ದರಾಜು ಕಂಡೂ ಕಾಣದವನ ಹಾಗೆ ಅವನ ಬೆರಳ ಸಂದಿಗೆ ಬಿದಿರಿನ ಸಣ್ಣ ಕಡ್ಡಿ ಸಿಕ್ಕಿಸಿದ. ತಮಟೆಗೆ ಎಡಗೈಲಿ ಈ ಸಣ್ಣ ಕಡ್ಡಿ, ಬಲಗೈಲಿ ಗುಂಡು ಕೋಲು. ಎರಡೂ ಬಿದ್ದರೇ ಏಟು ಪೂರ್ತಿ. ಅಣ್ಣಯ್ಯನಿಗೆ ಬಲಗೈಯೇ ಇಲ್ಲವಲ್ಲ. ಸಿದ್ದರಾಜು ಸುತ್ತ ನೋಡಿ, ನಮ್ಮಿಬ್ಬರ ಸಂಗತಿ ಏನೂ ತಿಳಿಯದೆ, ನನ್ನ ಕಡೆಗೆ ಕೈ ತೋರಿಸಿದ.

‘ಅವ್ವಾರೇ, ನೀವು ಈ ಕಡೆ ಬನ್ನಿ. ಇಬ್ರದೂ ಸೇರಿ ಒಂದೇ ತಮಟೆ. ಯಜಮಾನ್ರ ಎಡಗೈ, ನಿಮ್ಮ ಬಲಗೈ.’

ಸುಧಾ ಬಾಯಿ ತೆರೆದಳು. ಸುಮ್ಮನಿರು ಎಂದು ನಾನು ಕಣ್ಣಲ್ಲೇ ಹೇಳಿದೆ. ಒಂದು ಸ್ಟೂಲಿಗೆ ತಮಟೆ ಒರಗಿಸಿದರು. ಈ ಕಡೆ ನಾನು, ಆ ಕಡೆ ಅಣ್ಣಯ್ಯ. ನನ್ನ ಮುಖ ಅವನು ನೋಡಲಿಲ್ಲ. ಆದರೆ ನಾನು ಗುಂಡು ಕೋಲು ಹಾಕಿದಾಗ ಅವನ ಕಡ್ಡಿ ತಡವಾಗಿಯಾದರೂ ಬಂದು ಬಿತ್ತು.

ಆಮೇಲೆ ಶ್ರಾವಣವೆಲ್ಲ ನಡೆದದ್ದು ಹೇಳಿದರೆ ನನ್ನದು ದೊಡ್ಡ ಬಾಯಿ ಎನ್ನುತ್ತೀರಿ. ಆದರೂ ಹೇಳುತ್ತೇನೆ. ಮಳೆಗೆ ಚರ್ಮ ಸಡಿಲವಾಗುತ್ತಿತ್ತು, ಸಿದ್ದರಾಜು ಶೆಡ್ಡಿನ ಮೂಲೆಯಲ್ಲಿ ಸೋಗೆ ಉರಿಸಿ ಒಂದೊಂದೇ ತಮಟೆ ಕಾಯಿಸುವನು. ಆ ಬೆಂಕಿಯ ಸುತ್ತ ನಾವೂ ಕೈ ಕಾಯಿಸಿಕೊಳ್ಳುತ್ತ ನಿಲ್ಲುವೆವು. ಅಲ್ಲಿಯತನಕ ಒಂದೇ ರಸ್ತೆಯಲ್ಲಿದ್ದೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದವರು, ಯಾರಾದರೂ ಒಂದು ದಿನ ಬರದಿದ್ದರೆ ಮನೆಗೇ ಹೋಗಿ ವಿಚಾರಿಸಿಕೊಂಡು ಬರುವ ಹಾಗಾದೆವು. ಗಂಡ ಸತ್ತ ಮೇಲೆ ಬಾಗಿಲು ತೆಗೆಯದೆ ಇದ್ದ ಒಬ್ಬಾಕೆ ಎಲ್ಲರಿಗೂ ಉಪ್ಪಿಟ್ಟು ಮಾಡಿ ತಂದಳು. ಲೋಟ ಎತ್ತಿದರೆ ಕಾಫಿಯೆಲ್ಲ ಚೆಲ್ಲುತ್ತಿದ್ದ ನಂಜಪ್ಪನವರ ಕೈ, ಏಟು ಹಾಕುವಷ್ಟು ಹೊತ್ತು ನಡುಗುತ್ತಿರಲಿಲ್ಲ. ‘ಸ್ಟೇರಿಂಗ್ ಸಿಕ್ತು ಕಣ್ರೀ’ ಎನ್ನುವರು. ನನಗೆ ರಾತ್ರಿ ತಲೆ ಇಟ್ಟರೆ ನಿದ್ದೆ. ನರ್ಸಮ್ಮ ಮಿಷನ್ನು ಕಟ್ಟಿ ನೋಡಿ, ಡಾಕ್ಟರ ಹತ್ತಿರ ಹೋಗಿ ಮಾತ್ರೆ ಕಮ್ಮಿ ಮಾಡಿಸಿಕೊಂಡು ಬನ್ನಿ ಎಂದರು.

ಇಷ್ಟೆಲ್ಲ ಮಾಡಿದ ತಮಟೆಗೆ ಒಂದು ಕತ್ತನ್ನು ಒಂದು ಗೇಣು ಈ ಕಡೆಗೆ ತಿರುಗಿಸಲು ಆಗಲಿಲ್ಲ. ದಿನಾ ಅವನ ಪಕ್ಕ ಕೂರುತ್ತಿದ್ದೆ. ನಮ್ಮಿಬ್ಬರ ಏಟು ಒಂದಾಗಿತ್ತು. ನನ್ನ ಕೋಲು ಎತ್ತಿದ್ದರಲ್ಲೇ ಅವನ ಕಡ್ಡಿಗೆ ತಿಳಿಯುತ್ತಿತ್ತು. ಮುಗಿದ ಮೇಲೆ ಮಾತ್ರ ಮುಖ ತಗಡಿನ ಕಡೆಗೆ.

ಒಂದು ಸಂಜೆ ಪ್ರಕಾಶ ಅವರಪ್ಪನನ್ನು ಕರೆದುಕೊಂಡು ಹೋಗಲು ಸ್ಕೂಟರ್ ತಂದಿದ್ದ. ನಾನು ಅವನನ್ನು ಗೇಟಿನ ಹತ್ತಿರ ಹಿಡಿದೆ. ನಿಮ್ಮಪ್ಪನಿಗೆ ಒಂದು ಮಾತು ಹೇಳಪ್ಪ, ನೀನು ಹೆಂಡತಿ ಮಕ್ಕಳ ಜೊತೆ ಚೆನ್ನಾಗಿಯೇ ಇದ್ದೀಯಲ್ಲ ಎಂದೆ. ಅವನು ಹೆಲ್ಮೆಟ್ಟು ತಿರುಗಿಸುತ್ತ ನಿಂತ.

‘ಅತ್ತೆ, ನಿಜ ಹೇಳ್ತೀನಿ. ಮಂಜುಳಾನ ಮಾಡ್ಕೊಳೋ ಮನಸು ನಂಗೂ ಇರ್ಲಿಲ್ಲ ಕಣತ್ತೆ. ಅಪ್ಪನ ಮುಂದೆ ಹೇಳಕೆ ಧೈರ್ಯ ಇರ್ಲಿಲ್ಲ. ಅವಳು ಹೇಳುದ್ಲು, ನಾನು ಬಚಾವಾದೆ.’

‘ಹಂಗಂತ ಈಗ ಹೇಳೋ ಅವನಿಗೆ.’

‘ಈಗ ಹೇಳಿ ಏನಾದ್ರೂ ಆಗ್ಬುಟ್ರೆ?’

ಅಷ್ಟು ವರ್ಷ ನನಗೆ ತವರಿಲ್ಲದ ಹಾಗಾಗಿದ್ದು ಇಬ್ಬರಿಗೂ ಬೇಡವಾಗಿದ್ದ ಒಂದು ಮದುವೆಗಾಗಿ. ಅದನ್ನು ನನಗೆ ಗೇಟಿನ ಹತ್ತಿರ ಹೇಳಿ ಅವನು ಸ್ಕೂಟರ್ ಒದ್ದು ಸ್ಟಾರ್ಟ್ ಮಾಡಿದ.

ಭಾದ್ರಪದ ಹತ್ತಿರ ಬಂದಾಗ ಸಿದ್ದರಾಜು ಹೊಸದೊಂದು ಶುರು ಮಾಡಿದ. ಬರೀ ಏಟು ಸಾಲದು, ಬಾಯಲ್ಲಿ ಮಾತು ಕಟ್ಟಿಕೊಂಡು ಬಾರಿಸಬೇಕು. ಮಾತಾಡಲು ಬಾರದವರ ನಾಲಿಗೆಯೂ ಏಟಿನ ಮೇಲೆ ಕೂತರೆ ಹೊರಳುತ್ತದೆ ಎಂದು ನರ್ಸಮ್ಮನೂ ಹೇಳಿದರು. ಒಬ್ಬೊಬ್ಬರೂ ಒಂದೊಂದು ಮಾತು ಕೊಡಬೇಕು, ಉಳಿದವರು ಹಿಡಿಯಬೇಕು. ನಂಜಪ್ಪ ತಮ್ಮ ಕಂಡಕ್ಟರ್ ಕೂಗುತ್ತಿದ್ದ ಹಾಗೆ ‘ಕುಣಿಗಲ್ ಕುಣಿಗಲ್ ತುಮ್ಕೂರ್, ಹತ್ತಿ ಹತ್ತಿ ಹಿಂದಕ್ಕೋಗಿ’ ಎಂದು ಕೊಟ್ಟರು. ಎಲ್ಲರೂ ನಕ್ಕುಕೊಂಡು ಬಾರಿಸಿದೆವು. ನನ್ನ ಸರದಿ ಬಂತು. ಏನೂ ತೋಚಲಿಲ್ಲ. ಕೈ ತಾನಾಗೇ ಒಂದು ಏಟು ಹಾಕಿತು. ಬಾಯಿ ತಾನಾಗೇ ಅದಕ್ಕೆ ಮಾತು ಕೊಟ್ಟಿತು.

‘ಕೊಡ್ಲಾ ಬ್ಯಾಡ್ವಾ, ಕೊಡ್ಲಾ ಬ್ಯಾಡ್ವಾ, ತಗೋ!’

ಇದು ನಮ್ಮ ತವರಿನ ಅಟ್ಟದ ಆಟ. ಅಲ್ಲಿ ತೆಂಗಿನಕಾಯಿ ವರ್ಷಗಟ್ಟಲೆ ಒಣಗಿ ಕೊಬ್ಬರಿಯಾಗುತ್ತಿತ್ತು. ಅಪ್ಪ ಇಲ್ಲದಾಗ ಅಣ್ಣಯ್ಯ ಅಟ್ಟ ಹತ್ತಿ ಒಂದನ್ನು ಕದ್ದು ಒಡೆಯುವನು. ಚೂರನ್ನು ನನ್ನ ಮೂಗಿನ ಮುಂದೆ ಹಿಡಿದು, ಚಿಪ್ಪಿನ ಮೇಲೆ ಕಡ್ಡಿಯಿಂದ ಕುಟ್ಟುತ್ತ, ಕೊಡ್ಲಾ ಬ್ಯಾಡ್ವಾ ಎಂದು ಹಾಡುವನು. ನಾನು ಹಾರಿ ಹಾರಿ ಸುಸ್ತಾಗಿ ಅಳುವ ಹೊತ್ತಿಗೆ ಕೊನೆಯ ಏಟು ಹಾಕಿ ‘ತಗೋ’ ಎಂದು ಬಾಯಿಗೇ ತುರುಕುವನು. ಒಂದು ದಿನವೂ ಕೊಡದೆ ಹೋದವನಲ್ಲ.

ಆ ಮಾತು ಬಾಯಿಂದ ಬಿದ್ದ ತಕ್ಷಣ ಅಣ್ಣಯ್ಯನ ಕತ್ತು ತಿರುಗಿತು. ಆ ಮಳೆಗಾಲದಲ್ಲಿ ಅವನು ನನ್ನ ಮುಖ ನೋಡಿದ್ದು ಅದೇ ಮೊದಲು. ಸೊಟ್ಟಗಾದ ತುಟಿ ಅಲುಗಿತು. ‘ಕೊ’ ಎಂದ.

ಸುಧಾ ಅತ್ತಳು. ಶೆಡ್ಡಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ನಾನು ಮನೆಗೆ ಓಡುತ್ತ ಹೋಗಿ ಮಂಜುಳಾಳ ಹೊಟ್ಟೆಯ ಮೇಲೆ ಕೈ ಇಟ್ಟು, ನಿಮ್ಮಜ್ಜ ಮಾತಾಡ್ದ ಕಣೋ ಕಂದ ಎಂದೆ. ಒಳಗಿನದು ಒದ್ದಿತು. ಆಮೇಲೆ ದಿನಾ ಅದೇ ಏಟು. ‘ಕೊ’ ಎಂಬುದು ‘ಕೊಡ್’ ಆಯಿತು. ಇನ್ನೆರಡು ದಿನಕ್ಕೆ ‘ಕೊಡ್ಲಾ’ ಆಯಿತು. ‘ಬ್ಯಾಡ್ವಾ’ ಕೂಡ ಬಂತು. ‘ತಗೋ’ ಮಾತ್ರ ಬರಲಿಲ್ಲ. ಆ ಏಟು ಬಂದಾಗ ಅವನ ನಾಲಿಗೆ ಹಲ್ಲಿಗೆ ತಗುಲಿ ಅಲ್ಲೇ ನಿಂತುಬಿಡುವುದು. ತಮಟೆ ನಿಂತರೆ ಉಳಿದ ಮಾತೂ ನಿಂತುಹೋಗುವುದು. ಪರವಾಗಿಲ್ಲ, ಬಾಯಲ್ಲಿ ಹೇಳಬೇಕಾಗಿಲ್ಲ, ಗೌರಿ ಬರುತ್ತಾಳಲ್ಲ, ಅವತ್ತು ಕೈಯಲ್ಲೇ ಹೇಳುತ್ತಾನೆ ಎಂದು ನಾನು ಲೆಕ್ಕ ಹಾಕಿಬಿಟ್ಟೆ. ಯಜಮಾನರಿಗೆ ಫೋನು ಮಾಡಿ, ಈ ಸಲ ಅಂಗಡಿ ಸೀರೆ ಬೇಡ ಎಂದೆ. ಮಂಜುಳಾ ಮಂಚದಲ್ಲೇ ಮಲಗಿ ನನ್ನನ್ನು ನೋಡುತ್ತಿದ್ದಳು. ‘ಆಸೆ ಇಟ್ಕೋಬ್ಯಾಡ ಕಣವ್ವ’ ಎಂದಳು. ನಿನಗೇನು ಗೊತ್ತು ಅಣ್ಣ ತಂಗಿ ಸಂಗತಿ ಎಂದು ಗದರಿದೆ.

ಗೌರಿ ಹಬ್ಬದ ಹಿಂದಿನ ಸಂಜೆ ಮಳೆ ಬಿಟ್ಟಿತ್ತು. ಚರ್ಮ ಚೆನ್ನಾಗಿ ಕಾದು ತಮಟೆಗಳು ಖಣಿ ಖಣಿ ಎನ್ನುತ್ತಿದ್ದವು. ಎಲ್ಲರಿಗೂ ಹುರುಪು. ನಮ್ಮ ಸರದಿ ಬಂದಾಗ ನಾನು ಏಟು ಎತ್ತಿಕೊಟ್ಟೆ. ‘ಕೊಡ್ಲಾ’ ಎಂದ ಅಣ್ಣಯ್ಯ. ಕಡ್ಡಿ ಬಿತ್ತು. ಮತ್ತೆ ‘ಕೊಡ್’ ಎಂದವನು ತಡೆದ. ಮುಖ ಕೆಂಪಾಯಿತು. ಕತ್ತಿನ ನರ ಉಬ್ಬಿತು. ನಾನು ಏಟು ಬಿಡಲಿಲ್ಲ. ಮೂರನೇ ಸುತ್ತಿಗೆ ಅವನ ಬಾಯಿಂದ ಪೂರ್ತಿ ಮಾತು, ಅಕ್ಷರ ಅಕ್ಷರ ಬಿಡಿಸಿ, ಏಟಿನ ಮೇಲೆ ಕೂತು ಹೊರಗೆ ಬಂತು.

‘ಕೊಡ್ಲಿಲ್ಲ. ನೀನು ಕೊಡ್ಲಿಲ್ಲ.’

ನನ್ನ ಕಡೆಗೇ ನೋಡಿಕೊಂಡು ಹೇಳಿದ.

ಶೆಡ್ಡಿಗೆ ಶೆಡ್ಡೇ ಎದ್ದು ಕುಣಿಯಿತು. ಯಾರಿಗೇನು ಗೊತ್ತು? ಯಜಮಾನರಿಗೆ ಹೊಸ ಮಾತು ಬಂತು, ಅದೂ ಎರಡು ಪದ ಸೇರಿಸಿ ಬಂತು, ಅಷ್ಟೇ ಅವರಿಗೆ ಗೊತ್ತು. ಹಿಡೀರಿ ಹಿಡೀರಿ, ಬಿಡಬೇಡಿ ಎಂದ ಸಿದ್ದರಾಜು. ಯಾರು ಏನು ಮಾತು ಕೊಟ್ಟರೂ ಉಳಿದವರು ಹಿಡಿಯಬೇಕು ಎನ್ನುವುದು ಅಲ್ಲಿಯ ಪದ್ಧತಿಯಲ್ಲವೇ? ನಂಜಪ್ಪ ಹಿಡಿದರು. ಉಪ್ಪಿಟ್ಟಿನಾಕೆ ಹಿಡಿದಳು. ನರ್ಸಮ್ಮನೂ ಹಿಡಿದರು. ಇಡೀ ದುಂಡು ಸಾಲು ಸಂತೋಷದಿಂದ ನಗುನಗುತ್ತ, ನನ್ನ ಸುತ್ತ ಕೂತು, ತಮಟೆ ಬಡಿದುಕೊಂಡು ಕೂಗಿತು: ‘ಕೊಡ್ಲಿಲ್ಲ, ನೀನು ಕೊಡ್ಲಿಲ್ಲ!’ ಸುಧಾ ಕಣ್ಣೊರೆಸಿಕೊಂಡು ಮೊಬೈಲಲ್ಲಿ ವಿಡಿಯೋ ಹಿಡಿಯುತ್ತಿದ್ದಳು. ಆ ವಿಡಿಯೋ ಅವತ್ತು ರಾತ್ರಿಯೇ ನೆಂಟರಿಷ್ಟರಿಗೆಲ್ಲ ಹೋಯಿತು. ಅಣ್ಣಯ್ಯನಿಗೆ ಮಾತು ಬಂದ ಸಂತೋಷದ ಸುದ್ದಿ. ಅರ್ಥ ಗೊತ್ತಿದ್ದವರು ಗೊತ್ತು ಮಾಡಿಕೊಂಡರು.

ನಾನು ಕೋಲು ಕೆಳಗಿಡಬಹುದಿತ್ತು. ಇಟ್ಟಿದ್ದರೆ ಅವನ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವನ ನಾಲಿಗೆ ಹೊರಳುತ್ತಿದ್ದುದೇ ನನ್ನ ಬಲಗೈ ಮೇಲೆ. ನನ್ನನ್ನು ಬಯ್ಯುವ ಮಾತಿಗೆ ನಾನೇ ಏಟು ಹಾಕುತ್ತ ಕೂತೆ. ಹಾಕಿದೆ, ಹಾಕಿದೆ, ಅವನ ಮಾತು ತಡೆಯಿಲ್ಲದೆ ನೀರು ಹರಿದ ಹಾಗೆ ಬರುವ ತನಕ ಹಾಕಿದೆ. ಕೈ ಸೋತು ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಸೇರಿಸಿ ತಟ್ಟಿದರು.

ಎಲ್ಲರೂ ಟೀಗೆ ಎದ್ದ ಮೇಲೆ ನಾನು ಅವನ ಕುರ್ಚಿಯ ಮುಂದೆ ಹೋಗಿ ನಿಂತೆ.

‘ಕೊಡಾಕೆ ಅವಳೇನು ಕೊಬ್ರಿ ಚೂರಾ, ಅಣ್ಣಯ್ಯ?’

ಏಟಿಲ್ಲದೆ ಅವನಿಗೆ ಬಾಯಿ ಇರಲಿಲ್ಲ. ಎಡಗೈಯ ಕಡ್ಡಿ ಗಾಳಿಯಲ್ಲಿ ಒಂದು ಸಲ ಎದ್ದು ಇಳಿಯಿತು. ಸುಧಾ ಬಂದು ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿಕೊಂಡು ಹೋದಳು.

ಗೌರಿಯ ದಿನ ಬೆಳಿಗ್ಗೆ ಎದ್ದು ಹೊಸಿಲು ತೊಳೆದೆ, ರಂಗೋಲಿ ಬಿಟ್ಟೆ. ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಹಾಲಿನ ಬೂತಿನ ತಿರುವಿನಲ್ಲಿ ಸ್ಕೂಟರ್ ಸದ್ದಾದಾಗಲೆಲ್ಲ ಕಿವಿ ಆ ಕಡೆಗೆ ಹೋಗುತ್ತಿತ್ತು. ಮಧ್ಯಾಹ್ನ ಮಂಜುಳಾ ಕರೆದು, ಅವ್ವ, ಬಾಗಿಲು ಹಾಕ್ಕೊ, ಗಾಳಿ ಬರ್ತಾ ಇದೆ ಎಂದಳು. ಗಾಳಿಯೇನೂ ಇರಲಿಲ್ಲ. ಹಾಕಿಕೊಂಡೆ. ಅವತ್ತು ನಾನು ಹಳೆಯ ಸೀರೆಯಲ್ಲೇ ಇದ್ದೆ. ಪೇಟೆಯಲ್ಲಿ ತವರಿನಿಂದ ಬಂತಾ ಎಂದು ಕೇಳುವವರೂ ಇರಲಿಲ್ಲ. ಕೇಳುವವರಿಲ್ಲದಿರುವುದು ಕೇಳುವುದಕ್ಕಿಂತ ಕೆಟ್ಟದ್ದು ಎಂದು ಅವತ್ತು ಗೊತ್ತಾಯಿತು.

ಆಮೇಲೆ ನಾನು ಶೆಡ್ಡಿಗೆ ಹೋಗಲಿಲ್ಲ. ಪಿತೃಪಕ್ಷದಲ್ಲಿ ಚಿನ್ನು ಹುಟ್ಟಿದಳು. ಅಂಥಾ ದಿನಗಳಲ್ಲಿ ಹುಟ್ಟಿತಲ್ಲ ಎಂದು ಯಾರೋ ಮೂಗು ಮುರಿದರು. ಮುರಿಯಲಿ ಬಿಡಿ. ಆಸ್ಪತ್ರೆಯಲ್ಲಿ ಆ ಮುಷ್ಟಿಗಾತ್ರದ ಮುಖದ ಕೂಸನ್ನು ಕೈಗೆ ಕೊಟ್ಟಾಗ ನನಗೆ ಜಗತ್ತಿನಲ್ಲಿ ಇನ್ನೇನೂ ಬೇಡವಾಗಿತ್ತು. ಇನ್ನೇನೂ ಬೇಡ ಎಂದುಕೊಳ್ಳುತ್ತಲೇ ಬಾಗಿಲ ಕಡೆ ನೋಡಿದೆ. ಅಣ್ಣಯ್ಯನ ತಮಟೆಗೆ ನನ್ನ ಜಾಗದಲ್ಲಿ ನಂಜಪ್ಪ ಕೂತರಂತೆ. ನಡುಗುವ ಕೈಯಾದರೂ ಅದೂ ಒಂದು ಬಲಗೈ.

ಕಾರ್ತಿಕದ ಚಳಿಗೆ ಅಣ್ಣಯ್ಯನಿಗೆ ಎರಡನೇ ಸಲ ಹೊಡೆಯಿತು. ಈ ಸಲ ಉಳಿಯಲಿಲ್ಲ. ಸಿ.ಎಸ್. ಪುರದ ಹತ್ತಿರದ ನಮ್ಮ ತವರಿಗೆ ಅಷ್ಟು ವರ್ಷದ ಮೇಲೆ ಕಾಲಿಟ್ಟದ್ದು ಅವತ್ತು. ಶೆಡ್ಡಿನವರೆಲ್ಲ ಒಂದು ಟೆಂಪೋ ಮಾಡಿಕೊಂಡು ಬಂದಿದ್ದರು. ಹೆಣದ ಮುಂದೆ ಸಿದ್ದರಾಜು ಬಾರಿಸಿದ. ಅವನ ಹಿಂದೆ ಆ ಮುದುಕರು ಮುದುಕಿಯರು, ಕೋಲು ಊರಿಕೊಳ್ಳುವವರೂ ಸೇರಿ, ತೋಟದ ತನಕ ಬಾರಿಸಿಕೊಂಡು ನಡೆದರು. ನಾಲ್ಕು ತಿಂಗಳ ಹಿಂದೆ ಅವನನ್ನು ಕಂಡೇ ಇರದವರು. ರಕ್ತ ಹಂಚಿಕೊಂಡವಳು ನಾನು ಹೆಂಗಸರ ಗುಂಪಿನಲ್ಲಿ ಹಿಂದೆ ನಿಂತಿದ್ದೆ.

ಎಲ್ಲ ಮುಗಿದ ಮೇಲೆ ಅಟ್ಟದ ಕೆಳಗೆ ಕೂತಿದ್ದಾಗ ಸುಧಾ ಪಕ್ಕಕ್ಕೆ ಬಂದು ಕೂತಳು. ಕೊನೆಕೊನೆಗೆ ಮಾವ ಮಂಚದ ಪಟ್ಟಿಯನ್ನು ಎಡಗೈಯಿಂದ ತಟ್ಟಿಕೊಳ್ಳುತ್ತಿದ್ದರು ಎಂದಳು. ತಟ್ಟಿ ತಟ್ಟಿ ಏನೋ ಹೇಳಲು ಒದ್ದಾಡುತ್ತಿದ್ದರಂತೆ.

‘ಬರೀ ತ... ತ... ಅಂತಿದ್ರು ಅತ್ತೆ. ತಮಟೆ ಬೇಕೇನೋ ಅಂತ ತಂದು ಎದೆ ಮೇಲಿಟ್ವಿ. ತಲೆ ಅಲ್ಲಾಡ್ಸುದ್ರು. ಅದಲ್ವಂತೆ. ಏನು ಅಂತ ಗೊತ್ತಾಗ್ಲೇ ಇಲ್ಲ.’

ನಾನು ಮೇಲೆ ಅಟ್ಟದ ಕಡೆ ನೋಡಿದೆ. ತಂಗಿ ಎನ್ನುವುದೂ ತ, ತವರು ಎನ್ನುವುದೂ ತ. ತಗೋ ಎನ್ನುವುದೂ ತ. ಬರೀ ತಣ್ಣೀರು ಕೇಳಿದ್ದರೂ ಕೇಳಿರಬಹುದು. ನನಗೆ ಬೇಕಾದದ್ದನ್ನು ನಾನು ಆರಿಸಿಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅಂಗಡಿಯಲ್ಲಿ ಸೀರೆ ಆರಿಸಿ ತವರಿನದು ಎಂದು ಉಟ್ಟುಕೊಂಡ ಹಾಗೆ. ಆ ಆಟ ನನಗೆ ಸಾಕಾಗಿತ್ತು. ನನ್ನ ಬಲಗೈ ಅಲ್ಲಿದ್ದಿದ್ದರೆ ಆ ಮಾತು ಪೂರ್ತಿ ಬರುತ್ತಿತ್ತೋ ಏನೋ. ಬಂದು ಬಯ್ಯುತ್ತಿತ್ತೋ ಏನೋ. ಅದೂ ಗೊತ್ತಿಲ್ಲ.

ಗುಬ್ಬಿಯ ಸ್ಟೇಜಿನ ಮೇಲೆ ಮಕ್ಕಳು ಬಂದವು. ಚಿನ್ನು ಎರಡನೇ ಸಾಲು, ಬಲಗಡೆಯಿಂದ ಮೊದಲನೆಯವಳು. ಗುಂಡು ಕೋಲು, ಸಣ್ಣ ಕಡ್ಡಿ ಎರಡೂ ಅವಳ ಎರಡು ಪುಟ್ಟ ಕೈಯಲ್ಲಿ. ಒಂದು ಏಟೂ ತಪ್ಪಲಿಲ್ಲ. ಚಳಿ ಗಾಳಿಯಲ್ಲಿ ಅಷ್ಟು ಮಕ್ಕಳ ತಮಟೆ ಒಂದೇ ಸದ್ದಾಗಿ ಎದೆಗೆ ಬಂದು ಬೀಳುವಾಗ ನಾನು ಎದ್ದು ನಿಂತಿದ್ದೆನಂತೆ. ಹಿಂದಿನವರು ಕೂತ್ಕೊಳ್ಳಜ್ಜಿ ಎಂದರೂ ಕೇಳಿಸಲಿಲ್ಲ. ಮಂಜುಳಾ ಸೆರಗು ಹಿಡಿದು ಕೂರಿಸಿದಳು. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಮುಗಿದ ಮೇಲೆ ಮಕ್ಕಳಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದರು. ಚಿನ್ನು ತಮಟೆ ಸಮೇತ ನನ್ನ ಹತ್ತಿರ ಓಡಿ ಬಂದಳು. ಮಿಠಾಯಿಯನ್ನು ನನ್ನ ಮೂಗಿನ ಮುಂದೆ ಹಿಡಿದಳು. ಇನ್ನೊಂದು ಕೈಯಲ್ಲಿ ಕಡ್ಡಿಯಿಂದ ತಮಟೆಯ ಅಂಚು ತಟ್ಟಿದಳು. ತೊಟ್ಟಿಲಲ್ಲಿದ್ದಾಗಿನಿಂದ ನಾನೇ ಕಲಿಸಿದ ಆಟ.

‘ಕೊಡ್ಲಾ ಬ್ಯಾಡ್ವಾ ಅಜ್ಜಿ? ಕೊಡ್ಲಾ ಬ್ಯಾಡ್ವಾ?’

ನಾನು ಬಾಯಿ ತೆರೆದೆ. ಅವಳು ನನ್ನ ಮುಖ ನೋಡಿದಳು, ಮಿಠಾಯಿ ನೋಡಿದಳು. ಕೊನೆಯ ಏಟು ಹಾಕಲಿಲ್ಲ. ಗಬಕ್ಕನೆ ತಾನೇ ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದ ಬಾಯಲ್ಲಿ ನಗುತ್ತ, ಮಕ್ಕಳ ಗುಂಪಿನೊಳಗೆ ಓಡಿಹೋದಳು. ನಾನು ಬಾಯಿ ತೆರೆದುಕೊಂಡು ಅಲ್ಲೇ ಕೂತಿದ್ದೆ.